ಬೂದಿ, ಚಕ್ಕೆ, ಸುಟ್ಟ ಹುರುಳಿ: ಸಂಗನಕಲ್ಲಿನ ಗುಡ್ಡಗಳಲ್ಲಿ

ಬಳ್ಳಾರಿಗೆ ಬರುವ ಪ್ರವಾಸಿಗರು ಬಹುಪಾಲು ಹಂಪಿಯ ದಾರಿಯಲ್ಲಿರುವವರು. ಮಧ್ಯೆ ಅರ್ಧ ದಿನ ಉಳಿದರೆ ಕೋಟೆ ಹತ್ತುತ್ತಾರೆ, ಮಿರ್ಚಿ ಮಂಡಕ್ಕಿ ತಿನ್ನುತ್ತಾರೆ, ಹೊರಡುತ್ತಾರೆ. ಊರಿನ ಈಶಾನ್ಯಕ್ಕೆ ಆರೇಳು ಕಿಲೋಮೀಟರ್ ಹೋದರೆ ಸಿಗುವ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳತ್ತ ಯಾರೂ ತಿರುಗುವುದಿಲ್ಲ. ವಿಜಯನಗರ ಹುಟ್ಟುವುದಕ್ಕೆ ಮೂರು ಸಾವಿರ ವರ್ಷ ಮೊದಲೇ ಅಲ್ಲಿ ಜನ ಗುಡಿಸಲು ಕಟ್ಟಿದ್ದರು, ದನ ಸಾಕಿದ್ದರು, ಹುರುಳಿ ಬೆಳೆದಿದ್ದರು ಎಂದರೆ ಆಟೋ ಓಡಿಸುವ ಹುಡುಗ ನಂಬಲೇ ಇಲ್ಲ. "ಅಲ್ಲೇನೈತ್ರಿ ಸಾರ್, ಬರೀ ಕಲ್ಲು" ಅಂದ.

ಅವನ ಮಾತಿನಲ್ಲಿ ತಪ್ಪಿಲ್ಲ. ಸಂಗನಕಲ್ಲಿನಲ್ಲಿ ಗುಡಿಯಿಲ್ಲ, ಗೋಪುರವಿಲ್ಲ, ಶಾಸನವಿಲ್ಲ, ರಾಜನ ಹೆಸರಿಲ್ಲ. ಇರುವುದೆಲ್ಲ ಕಸ: ಒಡೆದು ಬಿಸಾಡಿದ ಕಲ್ಲಿನ ಚಕ್ಕೆ, ಮಡಕೆಯ ಚೂರು, ಬೂದಿ, ಮೂಳೆ. ನೂರೈವತ್ತು ವರ್ಷಗಳಿಂದ ಒಂದಾದ ಮೇಲೊಂದು ತಲೆಮಾರಿನ ವಿದ್ವಾಂಸರು ಇಲ್ಲಿಗೆ ಬಂದು ಕೂತದ್ದು ಈ ಕಸದ ಮುಂದೆಯೇ. ಪುರಾತತ್ವಜ್ಞನ ಕೆಲಸ ಎಂಥದ್ದು ಎಂದು ಯಾರಾದರೂ ಕೇಳಿದರೆ ನಾನು ಹಂಪಿಯ ಕಡೆ ಕೈ ತೋರಿಸುವುದಿಲ್ಲ. ಇತ್ತ ಕಳಿಸುತ್ತೇನೆ.

ಆದರೆ ನೇರ ಗುಡ್ಡಕ್ಕೆ ಹೋಗಬಾರದು. ಹೋದರೆ ಆಟೋದ ಹುಡುಗನೇ ಗೆಲ್ಲುತ್ತಾನೆ. ಮೊದಲು ಬಳ್ಳಾರಿ ನಗರದಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ ಒಂದೆರಡು ಗಂಟೆ ಕಳೆಯಬೇಕು. ಕೊಡಲಿ ಯಾವುದು, ಕೊಡಲಿ ಮಾಡುವಾಗ ಸಿಡಿದ ಚಕ್ಕೆ ಯಾವುದು, ತಾನಾಗಿ ಒಡೆದ ಕಲ್ಲು ಯಾವುದು ಎಂಬುದು ಕಣ್ಣಿಗೆ ಅಲ್ಲಿ ರೂಢಿಯಾಗುತ್ತದೆ. ಆಮೇಲೆ ಗುಡ್ಡದ ಮೇಲೆ ಪ್ರತಿ ಹೆಜ್ಜೆಗೂ ಕಣ್ಣು ತಡೆಯುತ್ತದೆ.

ಸಂಗ್ರಹಾಲಯ ಹೊತ್ತಿರುವ ಹೆಸರಿನ ಮನುಷ್ಯ ಪುರಾತತ್ವ ಓದಿದವನಲ್ಲ, ಭೂವಿಜ್ಞಾನಿ. 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಬ್ರೂಸ್ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದರು. 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಮುರ ತೋಡಿದ ಗುಂಡಿಯೊಂದರ ಬಳಿ ಒಂದು ಕಲ್ಲನ್ನು ಎತ್ತಿಕೊಂಡು, ಇದು ಮನುಷ್ಯ ಕೈಯಿಂದ ಕೆತ್ತಿದ ಕೈಗೊಡಲಿ ಎಂದು ಗುರುತಿಸಿದರು. ಭಾರತದ ಪ್ರಾಗಿತಿಹಾಸದ ಅಧ್ಯಯನವನ್ನು ಅಲ್ಲಿಂದ ಲೆಕ್ಕ ಹಿಡಿಯುತ್ತಾರೆ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಸೀಮೆಯನ್ನು ಅವರು ಕಲ್ಲು ಕಲ್ಲೂ ಬಿಡದೆ ಸುತ್ತಿದರು. ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ನೆಲೆ ಅವರ ಕಣ್ಣಿಗೆ ಬಿದ್ದದ್ದು 1872ರಲ್ಲಿ. 1895ರಲ್ಲಿ ಅವರು ಪ್ರಕಟಿಸಿದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥದಲ್ಲಿ ಸಂಡೂರಿನ ಅದಿರೂ ಇದೆ. ಅವರ ಆ ಅರ್ಧ ವಿದ್ಯೆಯನ್ನು ಬಳ್ಳಾರಿ ಹೇಗೆ ಬಳಸಿಕೊಂಡಿತು ಎಂಬುದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಇನ್ನರ್ಧದ ನೆನಪು ಈ ಸಂಗ್ರಹಾಲಯ.

ಫೂಟ್ ಬಗ್ಗೆ ನನಗೆ ಗೌರವ ಹುಟ್ಟಿಸುವುದು ಅವರು ಹುಡುಕಿದ ನಾನೂರಕ್ಕೂ ಹೆಚ್ಚು ನೆಲೆಗಳ ಸಂಖ್ಯೆಗಿಂತ ಅವರ ದಾಖಲೆಯ ಶಿಸ್ತು. ಯಾವ ಕಲ್ಲು ಯಾವ ಊರಿನ ಯಾವ ಗುಡ್ಡದಲ್ಲಿ ಸಿಕ್ಕಿತು ಎಂದು ಬರೆದಿಟ್ಟರು. 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಅವರ ಸಂಗ್ರಹವನ್ನು 40,000 ರೂಪಾಯಿ ಕೊಟ್ಟು ಕೊಂಡುಕೊಂಡಿತು. 1912ರ ಕೊನೆಯಲ್ಲಿ ಅವರು ತೀರಿಕೊಂಡ ಮೇಲೆ ಅದರ ಟಿಪ್ಪಣಿಗಳು ಅಚ್ಚಾದವು. ಊರಿನ ಹೆಸರು ಇಲ್ಲದ ಕೊಡಲಿ ಮೇಜಿನ ಮೇಲಿಡುವ ಅಲಂಕಾರದ ವಸ್ತು, ಅಷ್ಟೇ. ಹೆಸರು ಇದ್ದುದರಿಂದ ಮುಂದಿನವರು ಅದೇ ಗುಡ್ಡಕ್ಕೆ ವಾಪಸ್ ಬರಲು ಸಾಧ್ಯವಾಯಿತು.

ಬಂದವರೂ ಕಡಿಮೆಯೇನಲ್ಲ. ಪುಣೆಯ ಡೆಕ್ಕನ್ ಕಾಲೇಜಿನಿಂದ ಬಿ. ಸುಬ್ಬರಾವ್ ಬಂದು ಅಗೆದು, 1948ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಬಗ್ಗೆ ಪುಸ್ತಕ ತಂದರು. 1964–65ರಲ್ಲಿ ಝಡ್.ಡಿ. ಅನ್ಸಾರಿ ಮತ್ತು ನಮ್ಮವರೇ ಆದ ಎಂ.ಎಸ್. ನಾಗರಾಜರಾವ್ ಮತ್ತೆ ಅಗೆದರು. ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾದ ನಾಗರಾಜರಾವ್ ತೆಕ್ಕಲಕೋಟೆ, ಹಳ್ಳೂರುಗಳಲ್ಲೂ ಕೆಲಸ ಮಾಡಿದವರು. 1990ರ ದಶಕದ ಕೊನೆಯಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್, ಡೋರಿಯನ್ ಫುಲ್ಲರ್ ಜೊತೆಯಾಗಿ ಹತ್ತು ವರ್ಷದ ಹತ್ತಿರ ಇಲ್ಲಿ ದುಡಿದರು. ಬಳ್ಳಾರಿಯ ಈ ಸಂಗ್ರಹಾಲಯದ ಹಿಂದೆ ಇರುವುದೂ ಕೋರಿಶೆಟ್ಟರ್ ಅವರ ಶ್ರಮವೇ.

ಇನ್ನು ಗುಡ್ಡಕ್ಕೆ.

ಊರು ದಾಟಿದರೆ ಎರೆ ಹೊಲ, ಮೆಣಸಿನ ಗಿಡ, ಹತ್ತಿ. ಸಮತಟ್ಟಾದ ಆ ಬಯಲಿನಿಂದ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ರಾಶಿಬಿದ್ದಂತೆ ಗುಡ್ಡಗಳು ಎದ್ದಿವೆ. ಚಿಕ್ಕದು ಸಣ್ಣರಾಚಮ್ಮನ ಗುಡ್ಡ, ಪಕ್ಕದಲ್ಲಿ ಚೌಡಮ್ಮನ ಗುಡ್ಡ, ದೊಡ್ಡದು ಹಿರೇಗುಡ್ಡ. ನಾನು ಮೊದಲು ಹತ್ತಿದ್ದು ಸಣ್ಣರಾಚಮ್ಮನ ಗುಡ್ಡ. ದಾರಿ ಎಂದರೆ ಕುರಿಗಳು ಮಾಡಿದ ದಾರಿ. ಜಾಲಿ ಮುಳ್ಳು ಪ್ಯಾಂಟಿಗೆ ಸಿಕ್ಕಿಕೊಳ್ಳುತ್ತಲೇ ಇರುತ್ತದೆ.

ನೆತ್ತಿಯ ಮೇಲೆ ಬಂಡೆಗಳ ನಡುವೆ ಮಣ್ಣು ನಿಂತ ಸಮತಟ್ಟು ಜಾಗ. ಕಾಲಡಿಯ ಮಣ್ಣು ಕೆಳಗಿನ ಹೊಲದ ಮಣ್ಣಿನ ಬಣ್ಣದ್ದಲ್ಲ, ಬೂದು. ಈ ಬೂದಿಯ ಕತೆಯೇ ದಕ್ಷಿಣ ಭಾರತದ ಪುರಾತತ್ವದ ಅತ್ಯಂತ ಉದ್ದನೆಯ ಜಗಳ.

ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲೂ ಪಕ್ಕದ ಆಂಧ್ರ, ತೆಲಂಗಾಣಗಳಲ್ಲೂ ಇಂಥ ಬೂದಿದಿಬ್ಬಗಳು ಹತ್ತಾರಿವೆ. ಹೊಸಪೇಟೆ ರಸ್ತೆಯಲ್ಲಿ ಕುಡತಿನಿಯದು ಬಸ್ಸಿನಿಂದಲೇ ಕಾಣುತ್ತದೆ. ಕುಪ್ಪಗಲ್ಲಿನ ಹತ್ತಿರದ್ದಕ್ಕೆ ಬೂದಿಗುಂಟ ಎಂದು ಹೆಸರು. ಭೀಮ ಕೊಂದ ಹಿಡಿಂಬಾಸುರನ ಚಿತೆ ಎಂದು ಜನ ಹೇಳುತ್ತಿದ್ದರು. ಹಂಪಿಯ ಬಳಿ ನಿಂಬಾಪುರದ್ದು ವಾಲಿಯ ಚಿತೆ. ಮದ್ರಾಸ್ ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ 1840ರ ದಶಕದಲ್ಲಿ ಇವುಗಳ ಬಗ್ಗೆ ಬರೆದಂದಿನಿಂದ ವಿದ್ವಾಂಸರೂ ತಮ್ಮ ತಮ್ಮ ಪುರಾಣ ಸೇರಿಸಿದರು. ಜ್ವಾಲಾಮುಖಿ ಎಂದವರಿದ್ದರು, ಯುದ್ಧದ ನಂತರದ ಸಾಮೂಹಿಕ ದಹನ ಎಂದವರಿದ್ದರು, ಕಬ್ಬಿಣ ಕರಗಿಸಿದ ಕುಲುಮೆ ಎಂದವರಿದ್ದರು. ಬೂದಿಯ ನಡುವೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ ಗಟ್ಟಿಗಳಿದ್ದುದೇ ಗೊಂದಲಕ್ಕೆ ಕಾರಣ. ಅಷ್ಟು ಕಾವು ಬರೀ ಸೌದೆಯಿಂದ ಬಂದೀತೇ?

ಸಗಣಿ ಸುಟ್ಟ ಬೂದಿ ಎಂದು ಸರಿಯಾಗಿ ಅಂದಾಜು ಮಾಡಿದ್ದು ಫೂಟ್. ಅದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಲವು ಊಹೆಗಳಲ್ಲಿ ಒಂದಾಗಿ ಮಾತ್ರ ಉಳಿಯಿತು. ಕೊನೆಗೆ ಝಾಯ್ನರ್ ಎಂಬ ವಿಜ್ಞಾನಿ ಬೂದಿಯನ್ನೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದು ಸಗಣಿಯದೇ ಎಂದು ತೋರಿಸಿದರು. ಹುಲ್ಲಿನ ದಂಟಿನಲ್ಲಿ ಸಿಲಿಕಾ ಇರುತ್ತದೆ, ಅದು ದನದ ಹೊಟ್ಟೆಯಲ್ಲಿ ಕರಗದೆ ಸಗಣಿಯಲ್ಲಿ ಉಳಿಯುತ್ತದೆ. ದೊಡ್ಡ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿದರೆ ಕರಗಿ ಗಾಜಾಗುತ್ತದೆ. ಅದೇ ಹೊತ್ತಿನಲ್ಲಿ ಉಟ್ನೂರಿನ ದಿಬ್ಬವನ್ನು ಅಗೆದ ಕೇಂಬ್ರಿಜ್‌ನ ಆಲ್ಚಿನ್‌ಗೆ ದೊಡ್ಡಿಯ ಸುತ್ತ ನೆಟ್ಟ ಗೂಟಗಳ ಕುಳಿಗಳು ಸಿಕ್ಕವು, ನೆಲದಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. 1963ರಲ್ಲಿ ಅವರ ಪುಸ್ತಕ ಬಂದ ಮೇಲೆ ಚಿತೆ, ಕುಲುಮೆಗಳ ಮಾತು ಅಡಗಿತು. ಉಳಿದ ಪ್ರಶ್ನೆ ಒಂದೇ: ಉರುವಲಿಗೋ ಗೊಬ್ಬರಕ್ಕೋ ಬರಬಹುದಾಗಿದ್ದ ಸಗಣಿಯನ್ನು ವರ್ಷಗಟ್ಟಲೆ ರಾಶಿ ಹಾಕಿ, ಮತ್ತೆ ಮತ್ತೆ ಏಕೆ ಸುಟ್ಟರು? ದೊಡ್ಡಿಯ ಶುಚಿಗಾಗಿ ಎನ್ನುವವರಿದ್ದಾರೆ, ದನದ ಹಬ್ಬವಿರಬೇಕು ಎನ್ನುವವರಿದ್ದಾರೆ. ಸಂಕ್ರಾಂತಿಯಲ್ಲಿ ದನ ಕಿಚ್ಚು ಹಾಯಿಸುವುದನ್ನು ನೋಡಿ ಬೆಳೆದ ನನಗೆ ಎರಡನೆಯದು ಹತ್ತಿರವೆನಿಸುತ್ತದೆ, ಆದರೆ ಹತ್ತಿರವೆನಿಸುವುದು ಸಾಕ್ಷ್ಯವಲ್ಲ. ನಡುವೆ ಮೂರು ಸಾವಿರದ ಏಳುನೂರು ವರ್ಷಗಳಿವೆ.

ಸಣ್ಣರಾಚಮ್ಮನ ಗುಡ್ಡದಲ್ಲಿ ಬೂದಿ ಕೆಳಗೆ, ಊರು ಮೇಲೆ. ಸುಮಾರು ಕ್ರಿ.ಪೂ. 1900ರಿಂದ 1700ರವರೆಗೆ ಇಲ್ಲಿ ದನ ನಿಲ್ಲಿಸಿ ಸಗಣಿ ಸುಟ್ಟರು. ಆಮೇಲೆ ಆ ಬೂದಿಯ ಮೇಲೆಯೇ ಮನೆ ಹೂಡಿ ಮುನ್ನೂರು ವರ್ಷದ ಹತ್ತಿರ ಬಾಳಿದರು. ಈ ತಾರೀಖುಗಳು ಬಂದ ರೀತಿಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಆ ಕೆಲಸ ಬಹಳ ಸೊಗಸಾಗಿದೆ.

ಹಳೆಯ ಉತ್ಖನನಗಳಲ್ಲಿ ಮಡಕೆ, ಕೊಡಲಿ, ದೊಡ್ಡ ಮೂಳೆಗಳನ್ನು ಆರಿಸಿ ಮಣ್ಣನ್ನು ಪಕ್ಕಕ್ಕೆ ಸುರಿಯುತ್ತಿದ್ದರು. ಫುಲ್ಲರ್ ಮತ್ತು ಸಂಗಡಿಗರಿಗೆ ಆ ಮಣ್ಣೇ ಬೇಕಾಗಿತ್ತು. ಪ್ರತಿ ಪದರದಿಂದ ಇಷ್ಟಿಷ್ಟು ಲೀಟರ್ ಎಂದು ಅಳೆದು, ನೀರಿಗೆ ಹಾಕಿ ಕಲಕಿದರೆ ಮಣ್ಣು ತಳಕ್ಕೆ ಕೂರುತ್ತದೆ. ಸಾವಿರಾರು ವರ್ಷದ ಹಿಂದೆ ಒಲೆಯ ಬಳಿ ಚೆಲ್ಲಿ ಇದ್ದಿಲಾದ ಕಾಳು ಹಗುರವಾದ್ದರಿಂದ ಮೇಲೆ ತೇಲುತ್ತದೆ. ಅದನ್ನು ಸಣ್ಣ ಕಣ್ಣಿನ ಜಾಲರಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಾಳನ್ನು ಗುರುತಿಸಬೇಕು. ಹಾಗೆ ಸಿಕ್ಕವುಗಳಲ್ಲಿ ಮುಖ್ಯವಾದವು ನಾಲ್ಕು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ದಾಯಾದಿಯಾದ ಒಂದು ಕಿರುಧಾನ್ಯ. ಗೋಧಿ, ಜವೆ ಬಂದವು, ಸ್ವಲ್ಪವೇ; ಅವು ಉತ್ತರದಿಂದ ಬಂದ ನೆಂಟರು.

ಇದರ ಮಹತ್ವ ಏನೆಂದರೆ, ದಕ್ಷಿಣದ ಬೇಸಾಯ ಉತ್ತರದಿಂದ ಇಳಿದು ಬಂದದ್ದು ಎಂಬ ಹಳೆಯ ತಿಳುವಳಿಕೆ ಇಲ್ಲಿ ಸಡಿಲವಾಯಿತು. ಮಳೆಗಾಲದಲ್ಲಿ ಬಿತ್ತುವ ಇಲ್ಲಿನದೇ ಕಾಳುಗಳನ್ನು ಇಲ್ಲಿನ ಜನವೇ ಪಳಗಿಸಿಕೊಂಡಿದ್ದರು ಎಂಬ ವಾದಕ್ಕೆ ಈ ಕಾಳುಗಳೇ ಆಧಾರ. ಕೊರಲೆಯನ್ನು ನಮ್ಮ ತುಮಕೂರು, ಚಿತ್ರದುರ್ಗದ ಕಡೆ ಕೆಲವರು ಇನ್ನೂ ಬೆಳೆಯುತ್ತಾರೆ. ಈಚೆಗೆ ಬೆಂಗಳೂರಿನ ಸಿರಿಧಾನ್ಯದ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಹುರುಳಿಯ ವಿಷಯ ಹೇಳುವುದೇ ಬೇಡ.

ಕಾಳು ಇನ್ನೊಂದು ಉಪಕಾರ ಮಾಡಿತು. ಇದ್ದಿಲಿನ ರೇಡಿಯೋ ಕಾರ್ಬನ್ ಪರೀಕ್ಷೆ ಹೇಳುವುದು ಮರ ಬದುಕಿದ್ದ ಕಾಲವನ್ನು. ಇನ್ನೂರು ವರ್ಷದ ಮರದ ತಿರುಳು ಒಲೆಗೆ ಬಿದ್ದಿದ್ದರೆ ಲೆಕ್ಕ ಇನ್ನೂರು ವರ್ಷ ಹಿಂದಕ್ಕೆ ಜಾರುತ್ತದೆ. ಹುರುಳಿ ಒಂದೇ ಮಳೆಗಾಲದ ಜೀವ. ಆದ್ದರಿಂದ ಒಂದೊಂದು ಕಾಳನ್ನೇ ಪರೀಕ್ಷೆಗೆ ಕಳಿಸಿ ಪದರ ಪದರದ ವಯಸ್ಸನ್ನು ಬಿಗಿಯಾಗಿ ಹಿಡಿದರು. ಇದ್ದಿಲನ್ನೂ ಬಿಡಲಿಲ್ಲ. ಯಾವ ಮರದ್ದು ಎಂದು ನೋಡುತ್ತಾ ಹೋದವರಿಗೆ ಕ್ರಿ.ಪೂ. 1300ರ ಸುಮಾರಿನ ಇದ್ದಿಲಿನಲ್ಲಿ ಶ್ರೀಗಂಧವೂ ಸಿಕ್ಕಿತು.

ಹಿರೇಗುಡ್ಡ ಬೇರೆಯೇ ಜಾತಿ. ಗ್ರಾನೈಟಿನ ಬೂದುಗೆಂಪು ಮೈ ಮೇಲೆ ಕಪ್ಪು ಡಾಲರೈಟಿನ ಪಟ್ಟಿಯೊಂದು ಇಳಕಲ್ ಸೀರೆಯ ಅಂಚಿನಷ್ಟು ಎದ್ದು ಕಾಣುತ್ತದೆ. ಕೋಟ್ಯಂತರ ವರ್ಷದ ಹಿಂದೆ ಗ್ರಾನೈಟಿನ ಬಿರುಕಿನೊಳಕ್ಕೆ ನುಗ್ಗಿ ಗಟ್ಟಿಯಾದ ಕರಗಿದ ಶಿಲೆ ಅದು. ಗ್ರಾನೈಟ್ ಉದುರುತ್ತದೆ, ಬೆಣಚುಕಲ್ಲು ಪೆಳಸು, ಏಟು ಬಿದ್ದರೆ ಚೂರಾಗುತ್ತದೆ. ಡಾಲರೈಟ್ ಮಾತ್ರ ಹದವಾಗಿ ಚಕ್ಕೆ ಏಳುತ್ತದೆ, ಅಂಚನ್ನು ಉಜ್ಜಿ ಹರಿತ ಮಾಡಬಹುದು, ಮರಕ್ಕೆ ಬಡಿದರೂ ಒಡೆಯುವುದಿಲ್ಲ. ಕೊಡಲಿಗೆ ಬೇರೆ ಕಲ್ಲು ಬೇಕಿಲ್ಲ.

ಕ್ರಿ.ಪೂ. 1400ರಿಂದ 1200ರ ನಡುವೆ ಈ ಗುಡ್ಡ ಕೊಡಲಿಯ ಕಾರ್ಖಾನೆಯಾಗಿತ್ತು. ಇದು ನನ್ನ ಉತ್ಪ್ರೇಕ್ಷೆಯಲ್ಲ. ಫೂಟ್ ಕೂಡ ಇದನ್ನು ಕಾರ್ಖಾನೆ ಎಂದೇ ಗುರುತಿಸಿದ್ದರು. ನೆಲದ ಮೇಲೆ ಕುಳಿತು ಒಂದು ಮೊಳದಷ್ಟು ಜಾಗ ನೋಡಿ. ಕೈತುಂಬ ಚಕ್ಕೆಗಳು. ಒಂದು ಕಡೆ ಉಬ್ಬು, ಏಟು ಬಿದ್ದ ಜಾಗದಲ್ಲಿ ಸಣ್ಣ ಗಂಟು: ಸಂಗ್ರಹಾಲಯದಲ್ಲಿ ನೋಡಿದ ಗುರುತು ಅದೇ. ಕೆಲಸದ ಹಂತಗಳನ್ನು ಬೋವಿನ್, ಕೋರಿಶೆಟ್ಟರ್ ತಂಡ ಈ ಚಕ್ಕೆಗಳಿಂದಲೇ ಹಿಂದಕ್ಕೆ ಓದಿದೆ. ಮೊದಲು ಪಟ್ಟಿಯಿಂದ ಗಟ್ಟಿ ಎಬ್ಬಿಸುವುದು; ದಪ್ಪ ಚಕ್ಕೆ ತೆಗೆದು ಒರಟು ಆಕಾರ ಕೊಡುವುದು; ಸಣ್ಣ ಚಕ್ಕೆ ತೆಗೆದು ತಿದ್ದುವುದು; ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೈ ಸಮ ಮಾಡುವುದು; ಕಡೆಗೆ ಉಜ್ಜುವುದು. ಕಡೆಯ ಹಂತದ ಗುರುತು ಹತ್ತಿರದ ಗ್ರಾನೈಟ್ ಹಾಸುಗಳ ಮೇಲಿದೆ. ಅಂಗೈ ಅಗಲದ ನುಣುಪಾದ ಉದ್ದನೆ ತಗ್ಗುಗಳು. ಬೆರಳಿಟ್ಟರೆ ಇಂದಿಗೂ ಜಾರುತ್ತದೆ.

ಅರ್ಧಕ್ಕೆ ಮುರಿದ ಕೊಡಲಿಗಳೂ ಇಲ್ಲಿ ರಾಶಿ ರಾಶಿ. ಒಂದು ಏಟು ಹೆಚ್ಚಾದರೆ ಅದುವರೆಗಿನ ಕೆಲಸ ನಷ್ಟ. ಬಿಸಾಡಿದ ಆ ತುಂಡುಗಳು ಮುಗಿದ ಕೊಡಲಿಗಿಂತ ಹೆಚ್ಚು ಹೇಳುತ್ತವೆ. ಮುಗಿದದ್ದು ಗುಡ್ಡ ಬಿಟ್ಟು ಹೋಯಿತು. ಇಲ್ಲಿನ ನಾಲ್ಕಾರು ಕುಟುಂಬಗಳಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕೊಡಲಿ ತಯಾರಾಗುತ್ತಿತ್ತು ಎಂದಮೇಲೆ ಸುತ್ತಲಿನ ಊರುಗಳು ಕೊಳ್ಳುತ್ತಿದ್ದವು ಎಂದೇ ಅರ್ಥ. ಏನು ಕೊಟ್ಟು ಕೊಳ್ಳುತ್ತಿದ್ದರು? ದನವೇ, ಕಾಳೇ, ಹೆಣ್ಣೇ? ಚಕ್ಕೆಗಳು ಅದನ್ನು ಹೇಳುವುದಿಲ್ಲ.

ಪಟ್ಟಿಯ ಉದ್ದಕ್ಕೆ ಬಂಡೆಯಿಂದ ಬಂಡೆಗೆ ಹತ್ತಿದರೆ ಚಿತ್ರಗಳು. ಬಣ್ಣದವಲ್ಲ, ಕುಟ್ಟಿದವು. ಡಾಲರೈಟಿನ ಕಪ್ಪಾದ ಮೇಲ್ಮೈಯನ್ನು ಕಲ್ಲಿನಿಂದ ಜಜ್ಜಿದರೆ ತಿಳಿ ಬಣ್ಣ ಕಾಣುತ್ತದೆ, ಹಾಗೆ ಬರೆದವು. ಎತ್ತು, ಎತ್ತು, ಮತ್ತೆ ಎತ್ತು: ಉದ್ದ ಕೊಂಬು, ಎದ್ದು ಕಾಣುವ ಇಣಿ. ನಡುನಡುವೆ ಮನುಷ್ಯರು, ಕೆಲವು ಗುಂಪಾಗಿ, ಕೆಲವು ಮನೆಮಂದಿ ಜೊತೆಗಿದ್ದಾಗ ನೋಡಲಾಗದ ಭಂಗಿಯಲ್ಲಿ. ಇವನ್ನು ಮೊದಲು ಗಮನಿಸಿದವರು ಹ್ಯೂಬರ್ಟ್ ನಾಕ್ಸ್. 1892ರಲ್ಲಿ ಫಾಸೆಟ್ ಎಂಬ ಅಧಿಕಾರಿ ಲೇಖನ ಬರೆದರು. ಆಮೇಲೆ ಹೆಚ್ಚು ಕಡಿಮೆ ಒಂದು ಶತಮಾನ ಇವು ವಿದ್ವಾಂಸರ ನೆನಪಿನಿಂದ ಜಾರಿ, ಈ ಶತಮಾನದ ಆರಂಭದಲ್ಲಿ ಮತ್ತೆ ಕಾಗದಕ್ಕೆ ಏರಿದವು. ಕಾಲ ನಿರ್ಣಯ ಕಷ್ಟ. ಬಂಡೆಯಲ್ಲಿ ಕಾರ್ಬನ್ ಇಲ್ಲ, ಎತ್ತು ಎಲ್ಲ ಕಾಲದಲ್ಲೂ ಎತ್ತೇ. ಗುರುತು ಎಷ್ಟು ಕಪ್ಪಾಗಿದೆ ಎಂಬುದನ್ನು ನೋಡಿ ಹಳೆಯದು, ಹೊಸದು ಎನ್ನಬೇಕು. ಈಚಿನ ದನಗಾಹಿಗಳು ಕುಟ್ಟಿದವೂ ಸೇರಿವೆ.

ನಾನು ಒಂದು ಎತ್ತಿನ ಮುಂದೆ ನಿಂತಿದ್ದಾಗ ಕುರಿ ಮೇಯಿಸುತ್ತಿದ್ದ ಅಜ್ಜ ಕೋಲೂರಿ ಮೇಲೆ ಬಂದರು. "ಗಂಟಿ ಕಲ್ಲು ನೋಡಿದ್ರೇನ್ರಿ?" ಅಂದರು. ಕರೆದುಕೊಂಡು ಹೋಗಿ ಒಂದು ಕಪ್ಪು ಬಂಡೆ ತೋರಿಸಿದರು. ಅದರ ಮೈಮೇಲೆ ನುಣುಪಾದ ಗುಣಿಗಳು. ಸಣ್ಣ ಗ್ರಾನೈಟ್ ಕಲ್ಲಿನಿಂದ ಗುಣಿಯೊಳಗೆ ಮೆಲ್ಲಗೆ ತಟ್ಟಿದರು. ಕಲ್ಲಿನ ಸದ್ದಲ್ಲ, ಲೋಹದ ಸದ್ದು, ಎತ್ತರದ್ದು. ಪಕ್ಕದ ಗುಣಿಗೆ ಬೇರೆ ಸ್ವರ. "ನಮ್ಮಪ್ಪನೂ ಬಾರಿಸ್ತಿದ್ದ, ಅವರಪ್ಪನೂ ಬಾರಿಸ್ತಿದ್ದ" ಎಂದು ನಕ್ಕರು.

ಬೋವಿನ್ 2004ರಲ್ಲಿ ಪ್ರಕಟಿಸಿದ ಲೇಖನದ ವಾದ ಇದೇ: ಗುಣಿಗಳು ಮತ್ತೆ ಮತ್ತೆ ಬಾರಿಸಿ ಆದವು, ಇಲ್ಲಿ ಚಿತ್ರ ಕುಟ್ಟುವುದು, ಕಲ್ಲು ಬಾರಿಸುವುದು ಜೊತೆಜೊತೆಗೆ ನಡೆದಿರಬೇಕು, ಅದೊಂದು ಆಚರಣೆಯ ಭಾಗವಿರಬೇಕು. ಇದು ಊಹೆ, ಆದರೆ ಒಳ್ಳೆಯ ಊಹೆ. ಚಿತ್ರವನ್ನು ನಾವು ಕಣ್ಣಿಗೆ ಮಾತ್ರ ಸೇರಿದ್ದು ಎಂದುಕೊಂಡು ಫೋಟೋ ತೆಗೆದು ಮುಗಿಸುತ್ತೇವೆ. ಕುಟ್ಟುವವನಿಗೆ ಪ್ರತಿ ಏಟೂ ಕಿವಿಗೆ ಬೀಳುತ್ತಿತ್ತು, ಕೆಳಗಿನ ಊರಿಗೂ.

ನೆತ್ತಿಯಿಂದ ನೋಡಿದರೆ ಗುಡ್ಡದ ಒಂದು ಮಗ್ಗುಲಿಗೆ ಚೌಕ ಚೌಕವಾಗಿ ಕತ್ತರಿಸಿದ ಗಾಯಗಳು ಕಾಣುತ್ತವೆ. ಕ್ವಾರಿ. ಕಟ್ಟಡಕ್ಕೆ, ರಸ್ತೆಗೆ, ಜಲ್ಲಿಗೆ ಈ ಗುಡ್ಡಗಳು ವರ್ಷಾನುಗಟ್ಟಲೆ ಒಡೆಯಲ್ಪಟ್ಟಿವೆ. ಚಿತ್ರವಿದ್ದ ಬಂಡೆಗಳು, ಮಣ್ಣಿನ ಪದರಗಳು ಹಾಗೆಯೇ ಹೋಗಿವೆ. ಕಲ್ಲು ಒಡೆಯುವವರನ್ನು ಬೈದು ಸುಮ್ಮನಾಗುವುದು ಸುಲಭ. ಹಿರೇಗುಡ್ಡದ ಕಸುಬೇ ಕಲ್ಲು ಒಡೆಯುವುದು, ಕ್ರಿ.ಪೂ. 1400ರಿಂದಲೂ. ವ್ಯತ್ಯಾಸ ಇರುವುದು ಉಳಿಯುವ ಕಸದಲ್ಲಿ: ಕೊಡಲಿ ಮಾಡಿದವರು ಬಿಟ್ಟ ಚಕ್ಕೆಯಿಂದ ಅವರ ಕೈಚಳಕವನ್ನು ಓದಬಹುದು, ಕ್ರಷರ್‌ನ ಪುಡಿಯಿಂದ ಓದಲು ಏನೂ ಉಳಿಯುವುದಿಲ್ಲ. ಫೂಟ್ ಬಿಟ್ಟ ಬೂದಿಯನ್ನು ಝಾಯ್ನರ್ ಓದಿದರು, ಹಿಂದಿನವರು ಪಕ್ಕಕ್ಕೆ ಸುರಿದಂಥ ಮಣ್ಣನ್ನು ಫುಲ್ಲರ್ ತೊಳೆದರು. ಪ್ರತಿ ತಲೆಮಾರೂ ಹೊಸ ಪ್ರಶ್ನೆ ಹಿಡಿದು ಬರುವಾಗ ಇಲ್ಲಿ ಏನಾದರೂ ಇರಬೇಕು. ಒಳ್ಳೆಯ ಪುರಾತತ್ವಜ್ಞ ನೆಲೆಯೊಂದನ್ನು ಪೂರ್ತಿ ಅಗೆಯದೆ ಒಂದಷ್ಟು ಭಾಗವನ್ನು ಮುಟ್ಟದೆ ಬಿಡುವುದು ಇದಕ್ಕೇ.

ಹೋಗುವವರಿಗೆ ಒಂದೆರಡು ಮಾತು. ಬಳ್ಳಾರಿಯ ಬೇಸಿಗೆ ಈ ಬಂಡೆಗಳ ಮೇಲೆ ತಡೆಯುವಂಥದ್ದಲ್ಲ. ಡಿಸೆಂಬರ್, ಜನವರಿ ಒಳ್ಳೆಯದು, ಹುಲ್ಲು ಒಣಗಿ ನೆಲ ಕಾಣುತ್ತದೆ. ಗಟ್ಟಿ ಬೂಟು, ಎರಡು ಬಾಟಲಿ ನೀರು ಇರಲಿ, ಗುಡ್ಡದ ಮೇಲೆ ಏನೂ ಸಿಗುವುದಿಲ್ಲ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡರೆ ಚಿತ್ರಗಳು ಸಿಗುತ್ತವೆ, ಒಬ್ಬರೇ ಹುಡುಕಿದರೆ ಅರ್ಧ ದಿನ ಹೋದೀತು. ಚಕ್ಕೆಯನ್ನು ಎತ್ತಿ ನೋಡಿ, ಎತ್ತಿದ ಜಾಗದಲ್ಲೇ ಇಡಿ. ಕಲ್ಲನ್ನು ನೀವಾಗಿ ಬಾರಿಸಬೇಡಿ. ಬೆಳಿಗ್ಗೆ ಸಂಗ್ರಹಾಲಯ, ಹಿರೇಗುಡ್ಡಕ್ಕೆ ಮೂರೂವರೆಯ ನಂತರ. ಮಧ್ಯಾಹ್ನದ ನೆತ್ತಿಯ ಬಿಸಿಲಲ್ಲಿ ಎತ್ತುಗಳು ಬಂಡೆಯೊಳಗೆ ಸೇರಿಹೋಗಿರುತ್ತವೆ. ಬಿಸಿಲು ಓರೆಯಾದಾಗಲೇ ಕೊಂಬು ಕಾಣುವುದು.